ಚಿಕ್ಕಪ್ಪನ ಹೊಟ್ಟೆಗೆ ಕೊಟ್ಟ ಇಂಜೆಕ್ಷನ್

ಮಲೆನಾಡಿನ ಕಾಡಂಚಿನ ಮನೆಗಳಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಯಾರಿಗೆ ಜ್ವರ ಬಂದರೂ ಮೊದಲು ಮನಸ್ಸಿಗೆ ಬರುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ರೋಗದಲ್ಲಿ ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಕಣಗಳು ಇಳಿದು, ಕೆಲವರಿಗೆ ವಸಡಿನಿಂದ, ಮೂಗಿನಿಂದ, ಕರುಳಿನಿಂದ ರಕ್ತ ಹೋಗುತ್ತದೆ. ಡೆಂಗಿ ಬಂದಾಗಲೂ ಹೆದರಿಕೆ ಅದೇ. ಹೀಗಾಗಿ ಜ್ವರದ ಮಾತಿನಲ್ಲಿ ರಕ್ತದ ಪ್ರಸ್ತಾಪ ಬಂದರೆ ನಮ್ಮವರ ಕಣ್ಣಿಗೆ ಕಟ್ಟುವುದು ರಕ್ತಸ್ರಾವವೇ ಹೊರತು ಬೇರೇನೂ ಅಲ್ಲ. ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಯೂ ಜೀವಕ್ಕೆ ಕುತ್ತು ಬರಬಹುದೆಂಬ ಸಂಗತಿ ನಮ್ಮ ಮನೆಯವರಿಗೆ ಮನದಟ್ಟಾದದ್ದು, ಚಿಕ್ಕಪ್ಪ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ ಒಂದು ಬೆಳಿಗ್ಗೆ ನಡೆದ ವಾಗ್ವಾದದಿಂದ.

ಚಿಕ್ಕಪ್ಪನದು ತೀರ್ಥಹಳ್ಳಿಯಿಂದಾಚೆಗಿನ ಊರು. ಅರವತ್ತೈದು ದಾಟಿದ, ಸ್ವಲ್ಪ ಸ್ಥೂಲ ದೇಹದ ಮನುಷ್ಯ. ಅಡಿಕೆ ಸುಲಿತ ಮುಗಿದ ಮೇಲೆ ಬಂದ ಕೆಮ್ಮು, ಜ್ವರ ಇಳಿಯದೆ, ಉಸಿರು ಮೇಲುಸಿರಾದಾಗ ಶಿವಮೊಗ್ಗಕ್ಕೆ ಕರೆತಂದೆವು. ಗಂಟಲ ದ್ರವದ ಪರೀಕ್ಷೆಯಲ್ಲಿ ಎಚ್1ಎನ್1 ಫ್ಲೂ ಎಂದು ಗೊತ್ತಾಯಿತು. ಆಮ್ಲಜನಕ ಹಚ್ಚಿ, ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಆರಂಭಿಸಿದರು. ಕಾಡಿನ ಪಕ್ಕದ ಊರೆಂದು ತಿಳಿದೊಡನೆ ವೈದ್ಯರು ಮಂಗನ ಕಾಯಿಲೆಗೂ ಡೆಂಗಿಗೂ ರಕ್ತ ಪರೀಕ್ಷೆಗೆ ಕಳುಹಿಸಿದ್ದರು. ಅದು ಬರಿಯ ಮುನ್ನೆಚ್ಚರಿಕೆ ಎಂದು ನಾನು ಭಾವಿಸಿದ್ದೆ. ಆ ವರದಿ ಬರುವವರೆಗೆ ಒಂದು ಇಂಜೆಕ್ಷನ್ನನ್ನು ತಡೆದಿಟ್ಟಿದ್ದಾರೆಂಬುದು ಮರುದಿನವೇ ತಿಳಿದದ್ದು.

ಬೆಳಗಿನ ಕಾಫಿಯ ಹೊತ್ತಿಗೆ ಸಿಸ್ಟರ್ ಒಂದು ಪುಟ್ಟ ಸಿರಿಂಜ್ ಹಿಡಿದು ಬಂದರು. ಔಷಧ ಅದರಲ್ಲಿ ಮೊದಲೇ ತುಂಬಿತ್ತು. ಅಂಗಿ ಮೇಲೆತ್ತಿ ಎಂದಾಗ ಚಿಕ್ಕಮ್ಮ, ಹೊಟ್ಟೆಗೆ ಯಾಕೆ ಎಂದು ಕೇಳಿದರು. ರಕ್ತ ತೆಳು ಮಾಡುವುದಕ್ಕೆ ಎಂದು ಸಿಸ್ಟರ್ ಚುಟುಕಾಗಿ ಹೇಳಿದ್ದೇ ತಡ, ಚಿಕ್ಕಮ್ಮ ಮಂಚಕ್ಕೂ ಸಿಸ್ಟರಿಗೂ ನಡುವೆ ನಿಂತುಬಿಟ್ಟರು. ಚಿಕ್ಕಮ್ಮನ ತವರು ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ. 2019ರ ಆರಂಭದಲ್ಲಿ ಆ ಭಾಗದಲ್ಲಿ ಮಂಗನ ಕಾಯಿಲೆ ಜನರನ್ನು ಬಲಿ ತೆಗೆದುಕೊಂಡಾಗ ಅವರು ಅಲ್ಲಿಯೇ ಇದ್ದರು. "ಜ್ವರ ಬಂದೋರಿಗೆ ರಕ್ತ ತೆಳು ಮಾಡದು ಅಂದ್ರೆ ಎಂತ ಮಾರಾಯ್ತಿ? ಮೂಗಲ್ಲಿ ಬಾಯಲ್ಲಿ ಬಂದ್ರೆ ನಿಲ್ಸೋರು ಯಾರು?" ಎಂದು ಅವರು ಕೇಳಿದ್ದು ವಾರ್ಡಿಗೆಲ್ಲ ಕೇಳಿಸಿತು. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಪ್ರಶ್ನೆ ವೈದ್ಯರೇ ಹಿಂದಿನ ರಾತ್ರಿ ತಮಗೆ ಹಾಕಿಕೊಂಡಿದ್ದ ಪ್ರಶ್ನೆಯಾಗಿತ್ತು.

ರೌಂಡ್ಸಿಗೆ ಬಂದ ವೈದ್ಯರು ಸಿಟ್ಟಾಗಲಿಲ್ಲ. ಫೈಲ್ ತೆರೆದು, "ನೋಡಿ ಅಮ್ಮ, ನೀವು ಹೆದರಿದ್ದು ಸರಿಯೇ. ಅದಕ್ಕೇ ನಿನ್ನೆ ಕೊಡಲಿಲ್ಲ" ಎಂದರು. ಮಂಗನ ಕಾಯಿಲೆ ಇಲ್ಲ, ಡೆಂಗಿ ಇಲ್ಲ, ಪ್ಲೇಟ್‌ಲೆಟ್ ಒಂದೂ ಮುಕ್ಕಾಲು ಲಕ್ಷದ ಮೇಲಿದೆ, ಈ ಔಷಧವನ್ನು ದೇಹದಿಂದ ಹೊರಹಾಕಬೇಕಾದ ಮೂತ್ರಪಿಂಡವೂ ಸರಿಯಾಗಿದೆ ಎಂದು ಒಂದೊಂದೇ ವರದಿಯ ಮೇಲೆ ಬೆರಳಿಟ್ಟು ತೋರಿಸಿದರು. ಅನಂತರ ಸ್ಟೂಲ್ ಎಳೆದುಕೊಂಡು ಕುಳಿತು ಅವರು ಹೇಳಿದ ವಿಷಯವನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಲು ಮೂರು ಕಾರಣಗಳನ್ನು ಜರ್ಮನಿಯ ರುಡಾಲ್ಫ್ ವಿರ್ಖೋ ಅವರ ಹೆಸರಿನೊಂದಿಗೆ ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ: ಹರಿವು ನಿಧಾನವಾಗುವುದು, ನಾಳದ ಒಳಪದರಕ್ಕೆ ಏಟಾಗುವುದು, ರಕ್ತವೇ ಹೆಪ್ಪುಗಟ್ಟುವ ಸ್ವಭಾವಕ್ಕೆ ತಿರುಗುವುದು. ಶ್ವಾಸಕೋಶಕ್ಕೆ ವೈರಸ್ ತಗುಲಿ ಆಸ್ಪತ್ರೆ ಸೇರಿದವರಲ್ಲಿ ಈ ಮೂರೂ ಒಟ್ಟಿಗೆ ಕೂಡಿಬರುತ್ತವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಲಗಿದವರಲ್ಲಿ ಆ ಕೆಲಸ ನಿಂತು, ತರಗು ತುಂಬಿದ ತೋಟದ ಬಸಿಗಾಲುವೆಯ ನೀರಿನಂತೆ ರಕ್ತ ಮಂದವಾಗುತ್ತದೆ. ವೈರಸ್ಸಿನ ವಿರುದ್ಧ ದೇಹ ಹೂಡುವ ಉರಿಯೂತದಿಂದ ನಾಳಗಳ ಒಳಪದರ ಕೆಡುತ್ತದೆ, ಯಕೃತ್ತು ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ನನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಜ್ವರದಲ್ಲಿ ನೀರು ಸೇರದೆ ಒಣಗಿದ ಮೈ ಇದಕ್ಕೆ ಸೇರಿಕೊಳ್ಳುತ್ತದೆ. ಕಾಲಿನ ಆಳದ ಅಭಿಧಮನಿಯಲ್ಲಿ, ಅಂದರೆ ಹೃದಯದ ಕಡೆಗೆ ರಕ್ತ ಒಯ್ಯುವ ನಾಳದಲ್ಲಿ, ಕಟ್ಟಿದ ಗರಣೆ (ರಕ್ತದ ಹೆಪ್ಪು) ಕಳಚಿಕೊಂಡು ಹೃದಯದ ಬಲಭಾಗದ ಮೂಲಕ ಶ್ವಾಸಕೋಶದ ನಾಳಕ್ಕೆ ಹೋಗಿ ಕೂತರೆ, ಮೊದಲೇ ಸೋತ ಶ್ವಾಸಕೋಶಕ್ಕೆ ಅದನ್ನು ತಾಳುವ ಶಕ್ತಿ ಉಳಿದಿರುವುದಿಲ್ಲ.

ಕೋವಿಡ್ ಬಂದ ಮೇಲೆ ಇದು ಮನೆಮಾತಾಯಿತು. ಆಗ ಶ್ವಾಸಕೋಶದ ಸಣ್ಣ ನಾಳಗಳಲ್ಲಿಯೇ ಗರಣೆ ಕಟ್ಟಿರುವುದನ್ನು ಶವಪರೀಕ್ಷೆಗಳಲ್ಲಿ ಕಂಡರು. ಆಸ್ಪತ್ರೆ ಸೇರಿದ ಫ್ಲೂ ರೋಗಿಗಳಿಗಿಂತ ಕೋವಿಡ್ ರೋಗಿಗಳಲ್ಲಿ ಅಭಿಧಮನಿಯ ಗರಣೆ ಹೆಚ್ಚು, ಆದರೆ ಫ್ಲೂನಲ್ಲಿ ಅಪಾಯವೇ ಇಲ್ಲವೆಂದಲ್ಲ. ಹಾಗಿದ್ದರೆ ದೊಡ್ಡ ಪ್ರಮಾಣವನ್ನೇ ಕೊಡಬಾರದೇಕೆ ಎಂದು ನಾನು ಕೇಳಿದೆ. ಕೋವಿಡ್ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ, ಹೆಪ್ಪು ತಡೆಯುವ ಹೆಪಾರಿನ್ ಔಷಧದ ಪೂರ್ಣ ಪ್ರಮಾಣ ಸಾಮಾನ್ಯ ವಾರ್ಡಿನವರಿಗೆ ನೆರವಾಯಿತು. ಐಸಿಯು ಸೇರುವಷ್ಟು ಕಾಯಿಲೆ ಬಲಿತವರಿಗೆ ನೆರವಾಗಲಿಲ್ಲ. ಒಂದೇ ಔಷಧ, ಒಂದೇ ರೋಗ, ಆದರೂ ಹೊತ್ತು ಮೀರಿದರೆ ಫಲ ಬೇರೆ. ಒಂದು ರೋಗದ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚುವುದಿಲ್ಲವೆಂದು ಹೇಳಿ, ಚಿಕ್ಕಪ್ಪನಿಗೆ ಬರೆದದ್ದು ತಡೆಗಟ್ಟುವ ಪ್ರಮಾಣ ಮಾತ್ರ, ದಿನಕ್ಕೊಮ್ಮೆ 40 ಮಿಲಿಗ್ರಾಂ ಎನಾಕ್ಸಪರಿನ್ ಎಂಬ ಹೆಪಾರಿನ್ ಬಗೆಯ ಔಷಧ, ಎಂದರು. ಊರಿನಿಂದ ಫೋನಿನಲ್ಲಿ ಭಾವ ಸೂಚಿಸಿದ್ದ ಆಸ್ಪಿರಿನ್ ಮಾತ್ರೆಯ ವಿಷಯವನ್ನೂ ಎತ್ತಿದೆ. ಅಭಿಧಮನಿಯ ಗರಣೆ ತಡೆಯಲು ಇಲ್ಲಿ ಅದು ಇದರ ಬದಲಿಯಲ್ಲ, ಅಲ್ಲದೆ ಡೆಂಗಿ, ಮಂಗನ ಕಾಯಿಲೆಯ ಅನುಮಾನವಿರುವ ಜ್ವರದಲ್ಲಿ ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದು ಅಪಾಯಕರ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದರು.

ಚಿಕ್ಕಮ್ಮ ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಮಳೆಗಾಲದಲ್ಲಿ ಉಂಬಳ ಹತ್ತಿದ ಕಾಲಿನಿಂದ ರಕ್ತ ಎಷ್ಟು ಹೊತ್ತು ಒಸರುತ್ತದೆ ಎಂದು ವೈದ್ಯರು ಕೇಳಿದರು. ಜಿಗಣೆಯ ಜೊಲ್ಲಿನಲ್ಲಿ ಹೆಪ್ಪು ತಡೆಯುವ ಅಂಶವಿರುವುದನ್ನು 1884ರಷ್ಟು ಹಿಂದೆಯೇ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ಗುರುತಿಸಿದ್ದರಂತೆ. ಅಷ್ಟು ಉಂಬಳ ಕಚ್ಚಿಸಿಕೊಂಡೇ ತೋಟ ಮಾಡಿದವರು ನೀವು ಎಂದಾಗ ಚಿಕ್ಕಮ್ಮ ನಕ್ಕು ಪಕ್ಕಕ್ಕೆ ಸರಿದರು. ಈ ಔಷಧ ಮಾತ್ರ ಉಂಬಳದ್ದಲ್ಲ, ಹಂದಿಯ ಕರುಳಿನ ಒಳಪದರದಿಂದ ತೆಗೆದ ಹೆಪಾರಿನ್ನಿನದು. ಸಂಪೂರ್ಣ ಸಸ್ಯಾಹಾರದ ಮನೆಯಾದ್ದರಿಂದ ಅದನ್ನು ಚಿಕ್ಕಪ್ಪನಿಗೆ ಹೇಳುವುದು ನ್ಯಾಯವೆನಿಸಿ ಹೇಳಿದೆ. ಆಮ್ಲಜನಕದ ಮಾಸ್ಕಿನೊಳಗಿಂದಲೇ ಅವರು, "ಬಾಯಲ್ಲಿ ಹೋಗದಲ್ವಲ್ಲ, ಚುಚ್ಲಿ" ಎಂದರು.

ಹೊಕ್ಕಳಿನಿಂದ ಎರಡಂಗುಲಕ್ಕೂ ಹೆಚ್ಚು ದೂರದಲ್ಲಿ ಚರ್ಮವನ್ನು ಮಡಿಕೆಯಾಗಿ ಹಿಡಿದು, ಸೂಜಿಯನ್ನು ನೆಟ್ಟಗೆ ಇಳಿಸಿ, ಔಷಧ ಪೂರ್ತಿ ಹೋಗುವವರೆಗೂ ಸಿಸ್ಟರ್ ಆ ಮಡಿಕೆಯನ್ನು ಬಿಡಲಿಲ್ಲ. ಸಿರಿಂಜಿನೊಳಗಿದ್ದ ಗಾಳಿಗುಳ್ಳೆಯನ್ನು ಹೊರಹಾಕಲೂ ಇಲ್ಲ; ಔಷಧದ ಕೊನೆಯ ಹನಿಯೂ ಒಳಹೋಗಲೆಂದೇ ಅದಿರುತ್ತದೆಯಂತೆ. ಉಜ್ಜಬೇಡಿ ಎಂದು ಚಿಕ್ಕಮ್ಮನ ಕೈ ತಡೆದರು. ಸಂಜೆಯ ವೇಳೆಗೆ ಚುಚ್ಚಿದಲ್ಲಿ ಎಂಟಾಣೆಯಗಲ ನೀಲಿಗಟ್ಟಿತ್ತು, ಅಷ್ಟೆ.

ಅದೇ ಮಧ್ಯಾಹ್ನ ಎದುರು ಮಂಚದಲ್ಲಿ ನಡೆದದ್ದು ಈ ಮಾತುಗಳಿಗೆಲ್ಲ ಸಾಕ್ಷಿಯಂತಿತ್ತು. ಅಲ್ಲಿದ್ದ ಹೊಸನಗರದ ಕಡೆಯ ಮೇಷ್ಟ್ರು ಮನೆಯಲ್ಲಿಯೇ ಜ್ವರದಲ್ಲಿ ಮಲಗಿದ್ದು ತಡವಾಗಿ ಬಂದವರು. ಎಡಗಾಲು ಸೆಳೆಯುತ್ತದೆಂದು ಅವರ ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ವೈದ್ಯರು ಅದನ್ನು ಕಂಡೊಡನೆ ನಿಲ್ಲಿಸಿ, ಮೊಣಕಾಲಿನ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಗುರುತು ಹಾಕಿ ಎರಡೂ ಮೀನಖಂಡಗಳನ್ನು ಟೇಪಿನಿಂದ ಅಳೆದರು. ಎಡಗಾಲು 3 ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಿತ್ತು, ಮುಟ್ಟಿದರೆ ಬಿಸಿ. ಡಾಪ್ಲರ್ ಸ್ಕ್ಯಾನಿನಲ್ಲಿ ಮೊಣಕಾಲ ಹಿಂಬದಿಯ ಅಭಿಧಮನಿಯಲ್ಲಿ ಗರಣೆ ಕಂಡಿತು. ಅವರಿಗೆ ಪೂರ್ಣ ಪ್ರಮಾಣದ ಚಿಕಿತ್ಸೆ ಆರಂಭವಾಯಿತು.

ಮೇಷ್ಟ್ರ ಸುದ್ದಿ ಕೇಳಿ ವಾರ್ಡಿನ ಒಬ್ಬಿಬ್ಬರು ತಮ್ಮವರಿಗೂ ಡಿ-ಡೈಮರ್ ಮಾಡಿಸಿ ಎಂದು ಹಿಡಿದರು. ಕೋವಿಡ್ ಕಾಲದಲ್ಲಿ ಜನ ತಾವಾಗಿಯೇ ಲ್ಯಾಬಿಗೆ ಹೋಗಿ ಆ ಪರೀಕ್ಷೆ ಮಾಡಿಸಿಕೊಂಡು ಕಂಗಾಲಾದದ್ದನ್ನು ಕಂಡಿದ್ದೇನೆ. ಕಟ್ಟಿದ ಹೆಪ್ಪು ಕರಗುವಾಗ ಉಳಿಯುವ ಚೂರನ್ನು ಅದು ಅಳೆಯುತ್ತದೆ. ಸೋಂಕು, ವಯಸ್ಸು, ಶಸ್ತ್ರಚಿಕಿತ್ಸೆ ಎಲ್ಲದರಿಂದಲೂ ಏರುತ್ತದೆ. ಅಂಕಿ ಹೆಚ್ಚಿದ ಮಾತ್ರಕ್ಕೆ ಗರಣೆ ಇದೆಯೆಂದಾಗುವುದಿಲ್ಲ. ಅದಕ್ಕಿಂತ ಎರಡೂ ಕಾಲುಗಳನ್ನು ದಿನಕ್ಕೊಮ್ಮೆ ಪಕ್ಕಪಕ್ಕ ಇಟ್ಟು ನೋಡುವುದು ರೋಗಿಯ ಜೊತೆಗಿರುವವರಿಗೆ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಆ ದಿನದಿಂದ ಚಿಕ್ಕಪ್ಪನ ಪಾದಗಳನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮದ ಮೇಲ್ವಿಚಾರಣೆ ಚಿಕ್ಕಮ್ಮನದಾಯಿತು. ಆಮ್ಲಜನಕ ತೆಗೆದ ಮೇಲೆ ಕಾರಿಡಾರಿನಲ್ಲಿ ನಡೆಸಿದರು. ಡಿಸ್ಚಾರ್ಜ್ ಆದಾಗ ಇಂಜೆಕ್ಷನ್ ನಿಲ್ಲಿಸಿದರು. ಆದರೆ ಆಸ್ಪತ್ರೆ ಬಿಟ್ಟ ಮೇಲೂ ಕೆಲವು ವಾರ ಅಪಾಯ ಇದ್ದೇ ಇರುವುದರಿಂದ, ಒಂದೇ ಕಾಲು ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಫದಲ್ಲಿ ರಕ್ತ ಕಂಡರೆ ಹೊತ್ತು ನೋಡದೆ ಬರಬೇಕೆಂದು ಹೇಳಿ ಕಳುಹಿಸಿದರು. ಊರಿಗೆ ಹೋಗುವ ದಾರಿಯಲ್ಲಿ ಚಿಕ್ಕಮ್ಮ ತೀರ್ಥಹಳ್ಳಿಯಲ್ಲಿ ಕಾರು ನಿಲ್ಲಿಸಿ ಚಿಕ್ಕಪ್ಪನನ್ನು ಇಳಿಸಿ ನಡೆಸಿದರು. ಮುಂದಿನ ತಪಾಸಣೆಗೆ ಬಂದಾಗ ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕೆಂದು ವೈದ್ಯರು ತಿಳಿಸಿದಾಗ, ತಮಗೂ ಒಂದು ಬರೆದುಕೊಡಿ ಎಂದು ಕೇಳಿದವರು ಚಿಕ್ಕಮ್ಮನೇ.