ವಿದ್ಯಾರ್ಥಿ ಬಜೆಟ್‌ನಲ್ಲಿ ಡಿಸೈನ್ ಪಿಸಿ: ಇಲ್ಲಿಯವರೆಗೆ ಆಗಿದ್ದು

ಕೊಳ್ಳುವ ಮೊದಲು ಅಳತೆ

ಹಳೆ ಲ್ಯಾಪ್‌ಟಾಪ್ ಇನ್ನು ಎಳೆಯಲ್ಲ ಅಂತ ಖಾತ್ರಿಯಾದ ಮೇಲೆ ಡೆಸ್ಕ್‌ಟಾಪ್ ಹುಡುಕಾಟ ಶುರುವಾಯಿತು. ನನ್ನ ಕೆಲಸ ಎರಡು ಥರ. ಪೋಸ್ಟರ್, ಪ್ಯಾಕೇಜಿಂಗ್ ಒಂದು ಕಡೆ: ಫೋಟೋಶಾಪ್, ಇಲ್ಲಸ್ಟ್ರೇಟರ್. ಇನ್ನೊಂದು ಕಡೆ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಪ್ರಾಡಕ್ಟ್ ರೆಂಡರ್, ಅಂದರೆ 3ಡಿ ಮಾದರಿಯಿಂದ ಫೋಟೋದಂಥ ಚಿತ್ರ ಮಾಡಿಸುವುದು. ಡಿಸೈನ್‌ಗೆ ಯಾವ ಪಿಸಿ ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರದ್ದೂ ತಪ್ಪಲ್ಲ, ಈ ಎರಡು ಕೆಲಸ ಕಂಪ್ಯೂಟರ್‌ನ ಬೇರೆ ಬೇರೆ ಭಾಗಗಳನ್ನು ದುಡಿಸುತ್ತವೆ. ಅದಕ್ಕೇ ನಾನು ಯಾರನ್ನೂ ಕೇಳದೆ ಲ್ಯಾಪ್‌ಟಾಪನ್ನೇ ಕೇಳಿದೆ. ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿ ತೆರೆದಿಟ್ಟು ಮಾಮೂಲಿ ಕೆಲಸ ಮಾಡುತ್ತಾ ಹೋದೆ.

ಇಲ್ಲಸ್ಟ್ರೇಟರ್ ತಡವರಿಸುವಾಗ ಪ್ರೊಸೆಸರ್ ಬಳಕೆ 15 ಶೇಕಡದ ಆಸುಪಾಸು. ನೋಡಿದರೆ ಆರಾಮಾಗಿ ಕೂತಿದೆ ಅನಿಸುತ್ತದೆ. ಆದರೆ ಪ್ರೊಸೆಸರ್‌ನ 8 ಥ್ರೆಡ್‌ನಲ್ಲಿ (ಒಟ್ಟಿಗೆ ಓಡುವ ಕೆಲಸದ ಸಾಲುಗಳು) ಒಂದೇ ಒಂದು ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಕಾಣುವುದು 12.5 ಶೇಕಡ ಅಷ್ಟೆ. ಅಂದರೆ ಒಂದು ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ) ಏದುಸಿರು ಬಿಡುತ್ತಿದೆ, ಉಳಿದವು ಸುಮ್ನೆ ನೋಡುತ್ತಿವೆ. ಇಂಥ ಕಡೆ 16 ಕೋರ್ ತಂದರೂ ಪ್ರಯೋಜನ ಕಡಿಮೆ, ಒಂದೊಂದು ಕೋರ್ ಚುರುಕಾಗಿರಬೇಕು.

ಫೋಟೋಶಾಪ್‌ನ ಕಥೆ ಬೇರೆ. ಎ1 ಅಳತೆಯ ಪೋಸ್ಟರನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ತೆರೆದರೆ 7016 × 9933 ಪಿಕ್ಸೆಲ್, ಹತ್ತಿರ ಹತ್ತಿರ 7 ಕೋಟಿ. ಪಿಕ್ಸೆಲ್‌ಗೆ 3 ಬೈಟ್ ಬೇಕಾಗುವ 8 ಬಿಟ್ ಆರ್‌ಜಿಬಿಯಲ್ಲಿ ಪೂರ್ತಿ ತುಂಬಿದ ಒಂದು ಲೇಯರ್ ಅಂದರೆ ಸುಮಾರು 209 ಎಂಬಿ. 16 ಬಿಟ್‌ಗೆ ಹೋದರೆ ಅದರ ಎರಡರಷ್ಟು. ಲೇಯರ್ ಹತ್ತಿಪ್ಪತ್ತಾಗುವಷ್ಟರಲ್ಲಿ ನನ್ನ 8 ಜಿಬಿ ರ‍್ಯಾಮ್ ಮುಗಿದು, ಫೋಟೋಶಾಪ್ ಸ್ಕ್ರ್ಯಾಚ್ ಡಿಸ್ಕ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಬರೆಯಲು ಶುರುಮಾಡುತ್ತದೆ. ಅಲ್ಲಿಂದ ಬ್ರಷ್ ಒಂದು ಕಡೆ, ಗೆರೆ ಇನ್ನೊಂದು ಕಡೆ.

ಬ್ಲೆಂಡರ್ ಬಗ್ಗೆ ಅಳೆಯುವುದೇ ಬೇಕಿರಲಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಸೈಕಲ್ಸ್ (ಬ್ಲೆಂಡರ್‌ನ ರೆಂಡರ್ ಎಂಜಿನ್) ರೆಂಡರ್ ಅಂದರೆ ರಾತ್ರಿ ಹಚ್ಚಿ ಬೆಳಗ್ಗೆ ನೋಡುವ ಕೆಲಸ.

ಇಷ್ಟಾದ ಮೇಲೆ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದು ತಾನಾಗೇ ಗೊತ್ತಾಯಿತು: ಮೊದಲು ಗ್ರಾಫಿಕ್ಸ್ ಕಾರ್ಡ್, ಆಮೇಲೆ ರ‍್ಯಾಮ್, ಪ್ರೊಸೆಸರ್ ಮಧ್ಯಮ ಸಾಕು. ಬಜೆಟ್ ಒಟ್ಟು 100 ಅಂತ ಇಟ್ಟುಕೊಂಡು ಹಂಚಿದೆ. ಕಾರ್ಡ್‌ಗೆ 32, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ 24, ರ‍್ಯಾಮ್‌ಗೆ 12, ಮಾನಿಟರ್‌ಗೆ 13, ಎಸ್‌ಎಂಪಿಎಸ್‌ಗೆ (ಪವರ್ ಸಪ್ಲೈ) 8, ಎಸ್‌ಎಸ್‌ಡಿಗೆ 7, ಕ್ಯಾಬಿನೆಟ್‌ಗೆ ಉಳಿದ 4. ಕೀಬೋರ್ಡ್, ಮೌಸ್ ಇರುವುದೇ ಸಾಕು. ಮಾನಿಟರ್ ಪಾಲನ್ನು ಮೊದಲೇ ತೆಗೆದಿಟ್ಟಿದ್ದೇನೆ. ಡಬ್ಬಕ್ಕೇ ಎಲ್ಲ ಸುರಿದು ಕೊನೆಗೆ ಬಣ್ಣವೇ ಸರಿ ಕಾಣದ ಪರದೆ ಮುಂದೆ ಕೂತು ಡಿಸೈನ್ ಮಾಡುವುದು ಯಾವ ಸುಖ?

ವರ್ಕ್‌ಸ್ಟೇಷನ್ ಆಸೆ

ನಡುವೆ ಒಂದು ಆಕರ್ಷಣೆ ಬಂತು. ಕಚೇರಿಗಳಿಂದ ಹೊರಬಿದ್ದ ಹಳೆ ವರ್ಕ್‌ಸ್ಟೇಷನ್‌ಗಳು (ಭಾರೀ ಕೆಲಸಕ್ಕೆ ಮಾಡಿದ ಡೆಸ್ಕ್‌ಟಾಪ್‌ಗಳು) ಅಗ್ಗಕ್ಕೆ ಸಿಗುತ್ತವೆ. ಗಟ್ಟಿ ಕ್ಯಾಬಿನೆಟ್, 32 ಜಿಬಿ ಇಸಿಸಿ (ತಪ್ಪು ತಾನೇ ತಿದ್ದಿಕೊಳ್ಳುವ) ರ‍್ಯಾಮ್, ಮೇಲೆ "ಜಿಯಾನ್" ಅನ್ನುವ ಹೆಸರು, ಅಂದರೆ ಇಂಟೆಲ್‌ನ ವರ್ಕ್‌ಸ್ಟೇಷನ್ ಪ್ರೊಸೆಸರ್. ನನಗೆ ಸಿಕ್ಕಿದ್ದರಲ್ಲಿ ಇದ್ದದ್ದು ಜಿಯಾನ್ ಇ5-1650 ವಿ3. 2014ರದ್ದು, 6 ಕೋರ್, 140 ವ್ಯಾಟ್.

ತುಂಬಾ ಹೊತ್ತು ಅದರ ಮುಂದೆ ನಿಂತು ಯೋಚಿಸಿದೆ ಅಂತಲೇ ಹೇಳಬೇಕು. ಬಿಟ್ಟದ್ದಕ್ಕೆ ಕಾರಣ ಇವು. 65 ವ್ಯಾಟ್‌ನ ಎಎಂಡಿ ಪ್ರೊಸೆಸರ್ ರೈಜನ್ 5 5600 ಕೂಡ 6 ಕೋರ್, 12 ಥ್ರೆಡ್. ಅದು 4.4 ಗಿಗಾಹರ್ಟ್ಜ್‌ವರೆಗೆ ಹೋಗುತ್ತದೆ, ಜಿಯಾನ್ 3.8ಕ್ಕೆ ನಿಲ್ಲುತ್ತದೆ. ವೇಗದ ಅಂಕಿಗಿಂತಲೂ ಒಂದೊಂದು ಗಿಗಾಹರ್ಟ್ಜ್‌ನಲ್ಲಿ ಮಾಡುವ ಕೆಲಸವೇ ಈಗಿನ ಕೋರ್‌ಗಳಲ್ಲಿ ಜಾಸ್ತಿ. ಇಲ್ಲಸ್ಟ್ರೇಟರ್‌ಗೆ ಬೇಕಿದ್ದದ್ದು ಅದೇ ಅಲ್ವಾ. ಇನ್ನೊಂದು, ಇಂಥ ಯಂತ್ರಗಳಲ್ಲಿ ಎಷ್ಟೋ ಸಲ ಬೋರ್ಡ್, ಎಸ್‌ಎಂಪಿಎಸ್ ಎರಡೂ ಆ ಕಂಪನಿಯದ್ದೇ ಅಳತೆ. ಎಸ್‌ಎಂಪಿಎಸ್ ಹೋದರೆ ಅಂಗಡಿಯಲ್ಲಿ ಸಿಗುವುದನ್ನು ತಂದು ಹಾಕಲು ಆಗಲ್ಲ. ಕೊನೆಯದು ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಜಿಯಾನ್ ಇಲ್ಲ. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ಸಬ್‌ಮಿಷನ್ ಹಿಂದಿನ ರಾತ್ರಿ ಅಪ್‌ಡೇಟ್ ಏನು ಮಾಡುತ್ತೋ ಅನ್ನುವ ಭಯದಲ್ಲಿ ಬದುಕುವುದು ನನ್ನಿಂದಾಗದು.

ಲಿನಕ್ಸ್ ಹಾಕಿ ಬ್ಲೆಂಡರ್ ಮಾತ್ರ ಓಡಿಸುವವರಿಗೆ, ಕಾರ್ಡ್‌ಗೆ ಬೇಕಾದ ಪವರ್ ಕನೆಕ್ಟರ್ ಇದೆಯಾ ಅಂತ ನೋಡಿಕೊಂಡರೆ, ಅದು ಇವತ್ತಿಗೂ ಒಳ್ಳೆ ವ್ಯಾಪಾರವೇ.

ಎಎಂ4 ಅಂತ ನಿಂತೆ

ಎಎಂ4, ಎಎಂ5 ಎರಡೂ ಬೋರ್ಡ್ ಮೇಲೆ ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್‌ಗಳು. ಹಳೆ ಎಎಂ4 ಬೋರ್ಡ್‌ಗೆ ಡಿಡಿಆರ್4, ಹೊಸ ಎಎಂ5 ಬೋರ್ಡ್‌ಗೆ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ, ಅದರ ಬಿಸಿ ನಮ್ಮಂಥವರ ಜೇಬಿಗೆ. ಡಿಡಿಆರ್4 ಕೂಡ ಏರಿದೆ. ಆದರೆ ಸೆಕೆಂಡ್ ಹ್ಯಾಂಡ್ ಡಿಡಿಆರ್4 ಎಲ್ಲ ಕಡೆ ಓಡಾಡುತ್ತಿದೆ, ಹುಡುಕಿದರೆ ಸಿಗುತ್ತದೆ. 16 ಜಿಬಿಯ ಎರಡು ಕಡ್ಡಿ, 3200 ವೇಗದ ಜೋಡಿ, ಅಂದುಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿಗೆ ಸಿಕ್ಕಿತು. ಆ ಸ್ವಲ್ಪವನ್ನು ಕ್ಯಾಬಿನೆಟ್ ಪಾಲಿನಿಂದ ಕತ್ತರಿಸಿದೆ.

ಪ್ರೊಸೆಸರ್ ರೈಜನ್ 5 5600. ಹೆಸರು ನೋಡಿಕೊಂಡು ತೆಗೆದುಕೊಳ್ಳಿ: 5500, 5600ಜಿ ಎರಡೂ ಬೆಲೆಯಲ್ಲಿ ಹತ್ತಿರ ಇರುತ್ತವೆ. ಆದರೆ ಅವುಗಳಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32. ಆ ಎರಡೂ ಪಿಸಿಐಇ 3.0ಕ್ಕೇ (ಕಾರ್ಡ್, ಎಸ್‌ಎಸ್‌ಡಿ ಜೊತೆ ಮಾತಾಡುವ ದಾರಿಯ ಹಳೆ ತಲೆಮಾರು) ನಿಲ್ಲುತ್ತವೆ. 5600ಜಿಗೆ ಒಂದು ಗುಣ ಇದೆ, ಒಳಗೇ ಗ್ರಾಫಿಕ್ಸ್ ಇದೆ. ಕಾರ್ಡ್ ಕೊಳ್ಳುವುದು ಆರು ತಿಂಗಳು ಮುಂದಕ್ಕೆ ಹೋಗುವುದಾದರೆ ಅದನ್ನೇ ತೆಗೆದುಕೊಳ್ಳುವುದು ಜಾಣತನ.

ಬೋರ್ಡ್ ಬಿ550 ಚಿಪ್‌ಸೆಟ್‌ನದ್ದು, ರ‍್ಯಾಮ್‌ಗೆ 4 ಸ್ಲಾಟ್, ಎಸ್‌ಎಸ್‌ಡಿಗೆ ಎರಡು ಎಂ.2 ಜಾಗ. ಇಲ್ಲಿ ಸ್ವಲ್ಪ ಜಾಸ್ತಿ ಕೊಟ್ಟೆ. ಎರಡು ಸ್ಲಾಟ್ ಖಾಲಿ ಇರುತ್ತವೆ, ನಾಳೆ 64 ಜಿಬಿ ಮಾಡಬಹುದು. ಇದೇ ಸಾಕೆಟ್‌ಗೆ 16 ಕೋರ್‌ನ 5950ಎಕ್ಸ್‌ವರೆಗೂ ಕೂರಿಸಬಹುದು. ಎಎಂ4ಗೆ ಭವಿಷ್ಯ ಇಲ್ಲ ಅನ್ನುತ್ತಾರೆ. ಕೋರ್ಸ್ ಮುಗಿಯುವವರೆಗಿನ ಭವಿಷ್ಯ ಇದ್ದರೆ ನನಗೆ ಸಾಕು.

ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಮಾತ್ರ ಹೊಸದು, ಅದರಲ್ಲಿ ರಾಜಿ ಇಲ್ಲ. 5600 ಪೂರ್ತಿ ದುಡಿದರೆ ಹೆಚ್ಚೆಂದರೆ 90 ವ್ಯಾಟ್, ಕಾರ್ಡ್ 170, ಉಳಿದವು 50 ಅಂದುಕೊಂಡರೂ 310ರ ಸುತ್ತಮುತ್ತ. 550 ವ್ಯಾಟ್ ಧಾರಾಳ, ಮುಂದೆ ಕಾರ್ಡ್ ಬದಲಾದೀತು ಅಂತ 650 ತಂದೆ. 80 ಪ್ಲಸ್ ಚೀಟಿ ನೋಡಿ ಮರುಳಾಗಬೇಡಿ. ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಗುರುತು, ಒಳಗಿನ ಮಾಲು ಎಂಥದ್ದು ಅಂತ ಅದು ಹೇಳಲ್ಲ. ವಾರಂಟಿ ಎಷ್ಟು ವರ್ಷ ಕೊಡುತ್ತಾರೆ ನೋಡಿ, ಕಂಪನಿಗೆ ತನ್ನ ಮಾಲಿನ ಮೇಲೆ ಎಷ್ಟು ನಂಬಿಕೆ ಅನ್ನುವುದು ಅಲ್ಲಿ ಕಾಣುತ್ತದೆ.

ಕಾರ್ಡ್: 12 ಜಿಬಿಯ ಹಟ

ಜಾಸ್ತಿ ತಲೆ ಕೆಡಿಸಿಕೊಂಡದ್ದು ಇಲ್ಲೇ. ಕಣದಲ್ಲಿ ಎನ್‌ವಿಡಿಯಾದ ಎರಡು: 2021ರ ಆರ್‌ಟಿಎಕ್ಸ್ 3060, ಮತ್ತು 2023ರ ಆರ್‌ಟಿಎಕ್ಸ್ 4060. ಎರಡನೆಯದು ರೆಂಡರ್‌ನಲ್ಲಿ ವೇಗ, 115 ವ್ಯಾಟ್‌ನಲ್ಲಿ ಮುಗಿಸುತ್ತದೆ. ಆದರೆ ಮೆಮೊರಿ 8 ಜಿಬಿ. 3060ರಲ್ಲಿ 12.

ನನ್ನ ಸೀನ್‌ಗಳನ್ನೇ ಲೆಕ್ಕ ಹಾಕಿದೆ. ಒಂದು 4ಕೆ ಟೆಕ್ಸ್ಚರ್ (3ಡಿ ವಸ್ತುವಿನ ಮೈಗೆ ಹಚ್ಚುವ ಚಿತ್ರ) ಫೈಲ್ ಡಿಸ್ಕ್‌ನಲ್ಲಿ ಕೆಲವೇ ಎಂಬಿ ಇರಬಹುದು, ಆದರೆ ಕಾರ್ಡ್ ಒಳಗೆ ಹೋದಾಗ ಬಿಚ್ಚಿಕೊಳ್ಳುತ್ತದೆ: 4096 × 4096, ಪಿಕ್ಸೆಲ್‌ಗೆ 4 ಬೈಟ್, ಒಟ್ಟು 64 ಎಂಬಿ. 8ಕೆ ಆದರೆ 256. ಬಾಟಲಿ, ಅದರ ಲೇಬಲ್, ಕೆಳಗಿನ ಮರದ ಹಲಗೆ, ಹಿಂದಿನ ಬಟ್ಟೆ, ಒಂದೊಂದಕ್ಕೂ ಬಣ್ಣ, ರಫ್‌ನೆಸ್ (ಒರಟುತನ), ನಾರ್ಮಲ್ (ಉಬ್ಬುತಗ್ಗು) ಅಂತ ಬೇರೆ ಬೇರೆ ಮ್ಯಾಪ್. ಮೇಲೆ ಬೆಳಕಿಗೊಂದು ದೊಡ್ಡ ಎಚ್‌ಡಿಆರ್‌ಐ (ಸುತ್ತಲಿನ ಬೆಳಕು ಹಿಡಿದ ಚಿತ್ರ). ಜೊತೆಗೆ ವಿಂಡೋಸ್, ಬ್ರೌಸರ್, ಫೋಟೋಶಾಪ್ ತಮ್ಮ ಪಾಲು ತಿನ್ನುತ್ತವೆ. 8 ಜಿಬಿ ತುಂಬಿಬಿಟ್ಟರೆ ಸೈಕಲ್ಸ್ ಮುಖ್ಯ ರ‍್ಯಾಮ್‌ಗೆ ಕೈಚಾಚುತ್ತದೆ, ಆಗ ವೇಗ ನೆಲಕಚ್ಚುತ್ತದೆ, ಇಲ್ಲವೇ ಮೆಮೊರಿ ಸಾಲದು ಅಂತ ನಿಂತೇಬಿಡುತ್ತದೆ. ನಿಧಾನ ರೆಂಡರ್‌ಗೆ ಕಾಯಬಹುದು, ನಿಂತ ರೆಂಡರ್‌ಗೆ ಏನು ಮಾಡುವುದು?

ಒಂದು ಮಾತು: 3060 ಹೆಸರಲ್ಲೇ 8 ಜಿಬಿಯ ಕಾರ್ಡೂ ಇದೆ. ಮೆಮೊರಿ ಕಡಿಮೆ ಇರುವುದಷ್ಟೇ ಅಲ್ಲ, ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) ಕೂಡ 192 ಬಿಟ್ ಬದಲು 128. ಜಾಹೀರಾತಿನಲ್ಲಿ ಸುಮ್ನೆ "3060" ಅಂತಿದ್ದರೆ ಎಷ್ಟು ಜಿಬಿ ಅಂತ ಕೇಳಲೇಬೇಕು.

ಮಾರುವವರ ಯಂತ್ರದಲ್ಲೇ ಕಾರ್ಡ್ ಓಡುತ್ತಿರುವುದನ್ನು ನೋಡುತ್ತೇನೆ ಅಂತ ಮೊದಲೇ ಹೇಳಿದ್ದೆ. ಬೇಡ ಅಂದವರ ಹತ್ತಿರ ಹೋಗಲೇ ಇಲ್ಲ. ಪೆನ್‌ಡ್ರೈವ್‌ನಲ್ಲಿ ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಜೆಡ್, ಬ್ಲೆಂಡರ್, ಅದರದ್ದೇ ಕ್ಲಾಸ್‌ರೂಮ್ ಡೆಮೋ ಫೈಲ್. ಜಿಪಿಯು-ಜೆಡ್‌ನಲ್ಲಿ ಮೆಮೊರಿ 12288 ಎಂಬಿ, ಬಸ್ 192 ಬಿಟ್, ಶೇಡರ್ (ಕಾರ್ಡ್‌ನ ಲೆಕ್ಕದ ಘಟಕಗಳು) 3584 ಅಂತ ಮೂರನ್ನೂ ನೋಡಿದೆ. ಆಮೇಲೆ ಕ್ಲಾಸ್‌ರೂಮ್ ರೆಂಡರನ್ನು ಮೇಲಿಂದ ಮೇಲೆ ಓಡಲು ಬಿಟ್ಟು ಸೆನ್ಸರ್ ಪುಟ ಹಿಡಿದು ಕೂತೆ. ಮಾಮೂಲಿ ತಾಪಕ್ಕೂ ಹಾಟ್‌ಸ್ಪಾಟ್‌ಗೂ (ಚಿಪ್‌ನ ಅತಿ ಬಿಸಿ ಜಾಗ) ನಡುವಿನ ಅಂತರ 20 ಡಿಗ್ರಿ ದಾಟಿ ಓಡಿದರೆ ಚಿಪ್‌ನ ಬಿಸಿ ಸಾಗಿಸುವ ಒಳಗಿನ ಪೇಸ್ಟ್ ಒಣಗಿದೆ ಅಂತ ಅನುಮಾನಿಸಬಹುದು. ಇದರಲ್ಲಿ ಹಾಗೇನಿರಲಿಲ್ಲ. ಆಫ್ ಮಾಡಿದ ಮೇಲೆ ಫ್ಯಾನನ್ನು ಬೆರಳಿನಿಂದ ಅಲ್ಲಾಡಿಸಿದೆ. ಒಂದು ಫ್ಯಾನ್ ಸ್ವಲ್ಪ ಸಡಿಲ, ತಿರುಗುವಾಗ ಕರಕರ. ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದ ಕಾರ್ಡ್ ಇರಬಹುದು. ಫ್ಯಾನ್ ಬದಲಿಸಬಹುದು, ಮೆಮೊರಿ ಚಿಪ್ ಬದಲಿಸಲು ಆಗಲ್ಲ. ರೆಂಡರ್‌ನಲ್ಲಿ ಒಂದು ಚುಕ್ಕೆಯೂ ಹೆಚ್ಚುಕಮ್ಮಿ ಕಾಣಲಿಲ್ಲ. ಕರಕರ ತೋರಿಸಿಯೇ ಬೆಲೆ ಇಳಿಸಿದೆ.

ಜೋಡಣೆ

ಇದರ ವಿಡಿಯೋಗಳು ಬೇಕಾದಷ್ಟಿವೆ, ನಾನು ಮತ್ತೆ ಹೇಳುವುದಿಲ್ಲ. ಎರಡು ಕಡೆ ಮಾತ್ರ ನಿಧಾನಿಸಿ. 5600 ಜೊತೆ ಬರುವ ಕೂಲರ್ ಹಾಕಲು ಬೋರ್ಡ್ ಮೇಲಿನ ಎರಡು ಪ್ಲಾಸ್ಟಿಕ್ ಹಿಡಿಗಳನ್ನು ಬಿಚ್ಚಬೇಕು. ಅವುಗಳ ಸ್ಕ್ರೂಗಳೇ ಹಿಂದಿನ ಲೋಹದ ತಟ್ಟೆಯನ್ನೂ ಹಿಡಿದಿರುತ್ತವೆ. ಬಿಚ್ಚುವಾಗ ಕೆಳಗಿನಿಂದ ಒಂದು ಕೈ ಕೊಡದಿದ್ದರೆ ತಟ್ಟೆ ಕಳಚಿ ಬೀಳುತ್ತದೆ. ಆಮೇಲೆ ನಾಲ್ಕು ಸ್ಕ್ರೂಗಳನ್ನು ಎದುರು ಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಬೇಕು. ಇನ್ನೊಂದು, ಕ್ಯಾಬಿನೆಟ್ ಮುಂಭಾಗದಿಂದ ಬರುವ ಸಣ್ಣ ವೈರ್‌ಗಳು. ಪವರ್ ಸ್ವಿಚ್‌ಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಚುಚ್ಚಿದರೂ ನಡೆಯುತ್ತದೆ. ಎಲ್‌ಇಡಿಗೆ ಇದೆ. ಅಕ್ಷರಗಳು ಎಷ್ಟು ಸಣ್ಣ ಅಂದರೆ ಬೋರ್ಡ್ ಪುಸ್ತಕದ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ಎದುರಿಗಿಟ್ಟುಕೊಳ್ಳುವುದೇ ವಾಸಿ.

ಆನ್ ಆದ ಮೇಲೆ ಟಾಸ್ಕ್ ಮ್ಯಾನೇಜರ್ ರ‍್ಯಾಮ್ ವೇಗ 2133 ಅಂತ ತೋರಿಸಿತು. ಗಾಬರಿ ಬೇಡ, ಬಯಾಸ್‌ಗೆ (ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ (ಮೆಮೊರಿಯ ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡಿದರೆ 3200 ಬರುತ್ತದೆ. ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಟ್ಟೆ, ಸೆಕೆಂಡ್ ಹ್ಯಾಂಡ್ ರ‍್ಯಾಮ್‌ಗೆ ಅದು ಬೇಕೇ ಬೇಕು. ತಪ್ಪು ಒಂದೂ ಬರಲಿಲ್ಲ.

ಈಗಿನ ಸ್ಥಿತಿ

ಬ್ಲೆಂಡರ್ ಹಾಕಿದ ಕೂಡಲೇ ಕಾರ್ಡ್ ಕೆಲಸಕ್ಕೆ ಇಳಿಯುವುದಿಲ್ಲ. ಪ್ರಿಫರೆನ್ಸಸ್‌ನ ಸಿಸ್ಟಮ್ ಪುಟದಲ್ಲಿ ಸೈಕಲ್ಸ್‌ಗೆ ಆಪ್ಟಿಕ್ಸ್ (ಎನ್‌ವಿಡಿಯಾ ಕಾರ್ಡ್ ಬಳಸುವ ಆಯ್ಕೆ) ಆರಿಸಬೇಕು, ಆಮೇಲೆ ರೆಂಡರ್ ಪುಟದಲ್ಲಿ ಡಿವೈಸ್ ಅನ್ನು ಜಿಪಿಯುಗೆ, ಅಂದರೆ ಕಾರ್ಡ್‌ಗೆ, ಬದಲಿಸಬೇಕು. ಅದಾದ ಮೇಲಿನ ವ್ಯತ್ಯಾಸ ಹೇಳಲು ಅಂಕಿ ಬೇಡ. ವ್ಯೂಪೋರ್ಟ್‌ನಲ್ಲೇ (ಸೀನ್ ಕಾಣುವ ಕೆಲಸದ ಕಿಟಕಿ) ಬೆಳಕು ಸರಿಸುತ್ತಾ ನೆರಳು ಬೀಳುವುದನ್ನು ಕೂತಲ್ಲೇ ನೋಡುತ್ತಿದ್ದೇನೆ. ಕೆಲಸ ಮಾಡುವ ರೀತಿಯೇ ಬದಲಾಗಿದೆ. ಬಾಟಲಿ ಸೀನ್ ತೆರೆದಾಗ ಕಾರ್ಡ್ ಮೆಮೊರಿ 9 ಜಿಬಿ ದಾಟಿದ್ದನ್ನು ನೋಡಿ ಹಟ ಹಿಡಿದದ್ದು ಒಳ್ಳೆಯದೇ ಆಯಿತು ಅನಿಸಿತು.

ಫೋಟೋಶಾಪ್ ಈಗ ಸ್ಕ್ರ್ಯಾಚ್ ಡಿಸ್ಕ್ ಮುಟ್ಟುವುದು ಅಪರೂಪ. ಇಲ್ಲಸ್ಟ್ರೇಟರ್ ಮಾತ್ರ, ನಿಜ ಹೇಳಬೇಕೆಂದರೆ, ಸ್ವಲ್ಪ ಚುರುಕಾಗಿದೆ ಅಷ್ಟೆ. ಭಾರೀ ಫೈಲ್‌ನಲ್ಲಿ ಈಗಲೂ ಒಂದು ಕ್ಷಣ ಯೋಚಿಸುತ್ತದೆ. ಬರೀ ಇಲ್ಲಸ್ಟ್ರೇಟರ್‌ನಲ್ಲೇ ಕೆಲಸ ಮಾಡುವವರು ಗ್ರಾಫಿಕ್ಸ್ ಕಾರ್ಡ್‌ಗೆ ಇಷ್ಟು ಸುರಿಯಬಾರದು.

ಮಾನಿಟರ್ ಸೆಕೆಂಡ್ ಹ್ಯಾಂಡ್ 24 ಇಂಚಿನ ಐಪಿಎಸ್, ಓರೆಯಾಗಿ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಥರದ್ದು. ಪೂರ್ತಿ ಕಪ್ಪು, ಬಿಳಿ, ಕೆಂಪು ಪರದೆ ತೋರಿಸಿ ಸತ್ತ ಪಿಕ್ಸೆಲ್ ಹುಡುಕಿಯೇ ತಂದದ್ದು. ಕೆಳಗಿನ ಎಡ ಮೂಲೆಯಲ್ಲಿ ಸ್ವಲ್ಪ ಬೆಳಕು ಸೋರುತ್ತದೆ, ಕತ್ತಲೆ ಸೀನ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ಪರದೆಯ ಬಣ್ಣ ಅಳೆದು ಸರಿಪಡಿಸುವ ಕ್ಯಾಲಿಬ್ರೇಟರ್ ಕೊಳ್ಳುವ ಯೋಚನೆ ಇಲ್ಲ, ಕಾಲೇಜಿನ ಲ್ಯಾಬ್‌ನಲ್ಲಿರುವುದನ್ನು ಒಂದು ದಿನಕ್ಕೆ ಕೇಳಬೇಕು.

ಕಾರ್ಡ್‌ನ ಫ್ಯಾನ್ ಇನ್ನೂ ಬದಲಿಸಿಲ್ಲ. ಕಾರ್ಡ್‌ನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ 80 ಶೇಕಡಕ್ಕೆ ಇಳಿಸಿದ್ದೇನೆ. ರೆಂಡರ್ ಸಮಯದಲ್ಲಿ ಅಂಥ ವ್ಯತ್ಯಾಸ ಇಲ್ಲ, ಫ್ಯಾನ್ ನಿಧಾನ ತಿರುಗುವುದರಿಂದ ಕರಕರ ಕಡಿಮೆ.

ತಿಂಗಳು ತಿಂಗಳು ಕಟ್ಟುವ ಸಾಫ್ಟ್‌ವೇರ್ ಚಂದಾ ಮುಂದಿನ ತಲೆನೋವು. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಬಿಡಿಭಾಗವೊಂದರ ಬೆಲೆ. 2025ರ ಅಕ್ಟೋಬರ್‌ನಿಂದ ಅಫಿನಿಟಿ ಅನ್ನುವ ಡಿಸೈನ್ ಸಾಫ್ಟ್‌ವೇರ್ ಉಚಿತವಾಗಿದೆ, ಈ ಸೆಮಿಸ್ಟರ್‌ನ ಪ್ಯಾಕೇಜಿಂಗ್ ಪ್ರಾಜೆಕ್ಟನ್ನು ಅದರಲ್ಲೇ ಪೂರ್ತಿ ಮಾಡಿ ನೋಡುತ್ತೇನೆ. ಅದು ಕೈ ಹಿಡಿದರೆ ಉಳಿದ ಚಂದಾ ದುಡ್ಡು ಎರಡನೇ ಎಸ್‌ಎಸ್‌ಡಿಗೆ. ರ‍್ಯಾಮ್ ಬೆಲೆ ಇಳಿಯುವವರೆಗೆ ಆ ಎರಡು ಸ್ಲಾಟ್ ಖಾಲಿಯೇ ಇರಲಿ.