ಭಾವನ ಬೋಟಿನ ಇಂಜಿನ್: ಸೆಂಡರ್ ಯಾವುದು, ಸ್ವಿಚ್ ಯಾವುದು?

ಜೂನ್, ಮೊದಲ ವಾರ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿವೆ. ಭಾವನ ಟ್ರಾಲ್ ಬೋಟೂ ಅಲ್ಲೇ ಇದೆ. ಆರು ಸಿಲಿಂಡರಿನ ಲೇಲ್ಯಾಂಡ್ ಡೀಸೆಲ್, 24 ವೋಲ್ಟ್ ವಯರಿಂಗ್. ಇಂಜಿನ್ ಗಟ್ಟಿಮುಟ್ಟಾಗಿದೆ. ಮೀಟರ್, ಲ್ಯಾಂಪ್, ಎಚ್ಚರಿಕೆಯ ಬಝರ್ ಇರುವ ಪ್ಯಾನೆಲ್ ಮಾತ್ರ ನಂಬುವ ಹಾಗಿಲ್ಲ. ಬಝರ್ ಕೂಗಿದ್ದನ್ನು ಯಾರೂ ಕೇಳಿಲ್ಲ. ಅಂದರೆ ಎಲ್ಲ ಸರಿ ಇದೆ ಅಂತ ಬೋಟ್ ನಡೆಸುವ ತಂಡೇಲರ ಲೆಕ್ಕ. ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿಂದ.

ವಯರಿಂಗ್ ಎಷ್ಟೋ ಕೈ ದಾಟಿ ಬಂದಿದೆ. ಕೆಂಪು ವಯರ್ ಒಂದು ಕಡೆ ಅರ್ತ್‌ಗೆ ಹೋಗಿದೆ, ಇನ್ನೊಂದು ಕಡೆ ಲ್ಯಾಂಪಿಗೆ. ಹಾಗಾಗಿ ಪ್ಯಾನೆಲಿನಿಂದ ಕೆಳಗೆ ಬರುವ ಬದಲು ಇಂಜಿನಿನಿಂದಲೇ ಶುರು ಮಾಡಿದೆ. ಬ್ಲಾಕಿಗೆ ತಿರುಪಿರುವ, ವಯರ್ ಸಿಕ್ಕಿಸಿರುವ ಹಿತ್ತಾಳೆ ತುಂಡುಗಳನ್ನೆಲ್ಲ ಗುರುತು ಹಾಕಿದೆ. ಆಯಿಲ್ ಫಿಲ್ಟರ್ ಹತ್ತಿರ ಎರಡು. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಎರಡು. ಗೇರ್‌ಬಾಕ್ಸ್ ಮೇಲೆ ಒಂದು, ಅದರ ವಯರ್ ಸುಮ್ನೆ ನೇತಾಡುತ್ತಿದೆ.

ನೋಡಲು ಎಲ್ಲ ಒಂದೇ ತರಹ. ಆದರೆ ಕೆಲಸ ಬೇರೆ. ಸ್ವಿಚ್‌ಗೆ ಗೊತ್ತಿರುವುದು ಎರಡೇ ಮಾತು: ಇದೆ, ಇಲ್ಲ. ಅದು ಲ್ಯಾಂಪಿಗೂ ಬಝರಿಗೂ. ಸೆಂಡರ್ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಿಸುತ್ತಾ ಹೋಗುತ್ತದೆ, ಅದು ಮೀಟರಿನ ಮುಳ್ಳಿಗೆ. ಎರಡನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡ ತುಂಡುಗಳೂ ಇವೆ. ವಿಡಿಓ ಕಂಪನಿಯ ಮಾದರಿಯವುಗಳಲ್ಲಿ ಮೀಟರಿನ ಟರ್ಮಿನಲ್ ಪಕ್ಕ ‘ಜಿ’ ಅಂತ, ಅಲಾರಂ ಟರ್ಮಿನಲ್ ಪಕ್ಕ ‘ಡಬ್ಲ್ಯೂಕೆ’ ಅಂತ ಅಚ್ಚು ಇರುತ್ತದೆ. ಉಪ್ಪು, ಗ್ರೀಸ್ ಒರೆಸದೆ ಅದು ಕಾಣುವುದಿಲ್ಲ.

ಗುರುತಿಸಲು ಮಲ್ಟಿಮೀಟರ್ ಸಾಕು. ಇಂಜಿನ್ ತಣ್ಣಗಿರಬೇಕು, ನಿಂತಿರಬೇಕು. ವಯರ್ ಬಿಚ್ಚಿ ಟರ್ಮಿನಲ್‌ಗೂ ಬ್ಲಾಕಿಗೂ ನಡುವೆ ಓಮ್ ನೋಡಿ. ಸೊನ್ನೆ ಹತ್ತಿರ ಬಂದರೆ ಹೆಚ್ಚಾಗಿ ಆಯಿಲ್ ಪ್ರೆಶರ್ ಸ್ವಿಚ್. ಪ್ರೆಶರ್ ಇಲ್ಲದಾಗ ಅದು ಮುಚ್ಚಿರುತ್ತದೆ (ಕರೆಂಟ್ ಹರಿಯುತ್ತದೆ), ಪ್ರೆಶರ್ ಬಂದಾಗ ಬಿಡುತ್ತದೆ. ಏನೂ ತೋರಿಸದಿದ್ದರೆ ಟೆಂಪರೇಚರ್ ಸ್ವಿಚ್, ಇಲ್ಲವೇ ಸತ್ತ ಸೆಂಡರ್. ನಡುವಿನ ಯಾವುದೋ ಅಂಕಿ ಬಂದರೆ ಮೀಟರ್ ಸೆಂಡರ್.

ಜೂನ್, ಕೊನೆಯ ಭಾಗ

ಫಿಲ್ಟರ್ ಹತ್ತಿರದ ಒಂದು ತುಂಡು ಸೊನ್ನೆ ತೋರಿಸಿತು. ಅದು ಸ್ವಿಚ್. ಇನ್ನೊಂದು 240 ಓಮ್. ಇಲ್ಲಿ ನಿಂತೆ.

ಆಯಿಲ್ ಪ್ರೆಶರ್ ಸೆಂಡರ್‌ಗಳಲ್ಲಿ ಎರಡು ಪದ್ಧತಿ ಜಾಸ್ತಿ ಸಿಗುತ್ತವೆ. ಯುರೋಪಿನದು ಪ್ರೆಶರ್ ಇಲ್ಲದಾಗ ಸುಮಾರು 10 ಓಮ್, ಪೂರ್ತಿ ಬಂದಾಗ ಸುಮಾರು 180. ಅಮೆರಿಕದ್ದು ಉಲ್ಟಾ: ಖಾಲಿಯಲ್ಲಿ 240, ಪೂರ್ತಿಯಲ್ಲಿ 33. ಪ್ಯಾನೆಲ್ ಮೀಟರಿನ ಹಿಂದೆ ನೋಡಿದರೆ 10-180 ಅಂತ ಬರೆದಿದೆ. ಬ್ಲಾಕಿನಲ್ಲಿ ಕೂತಿರುವುದು 240-33. ಯಾರೋ ಸಿಕ್ಕಿದ್ದನ್ನು ಹಾಕಿದ್ದಾರೆ.

ಹಾಗಾದರೆ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲವೇ? ಇದೇ ಮಜಾ. ಅಮೆರಿಕದ ಸೆಂಡರ್ ಅರ್ಧ ಪ್ರೆಶರ್‌ನಲ್ಲಿ ಸುಮಾರು 103 ಓಮ್ ಕೊಡುತ್ತದೆ. ಯುರೋಪಿನ ಮೀಟರಿನಲ್ಲಿಯೂ ಅಷ್ಟು ಓಮ್ ಅಂದರೆ ಹೆಚ್ಚುಕಡಿಮೆ ಅರ್ಧವೇ. ಇಂಜಿನ್ ಓಡುವಾಗ ಮುಳ್ಳು ನಡುವೆ ನಿಲ್ಲುತ್ತದೆ, ನೋಡಿದವರಿಗೆ ಸಮಾಧಾನ. ಆದರೆ ಆಯಿಲ್ ಕಡಿಮೆಯಾಗಿ ಪ್ರೆಶರ್ ಬಿದ್ದರೆ ಮುಳ್ಳು ಮೇಲಕ್ಕೆ ಏರುತ್ತದೆ! ‘ಪ್ರೆಶರ್ ಒಳ್ಳೆ ಉಂಟು’ ಅಂದುಕೊಂಡೇ ಬೇರಿಂಗ್ ಸುಟ್ಟುಕೊಳ್ಳಬಹುದು. ಕೀ ತಿರುಗಿಸಿ ಸ್ಟಾರ್ಟ್ ಮಾಡದೆ ಬಿಟ್ಟು ಭಾವನಿಗೆ ತೋರಿಸಿದೆ. ಮುಳ್ಳು ಸೀದಾ ಬಲಗಡೆ ತುದಿಗೆ ಹೋಗಿ ಕೂತಿತು.

‘ಎಂತ ಮಾರಾಯ ಇದು, ಇಂಜಿನ್ ಚಾಲೂನೇ ಇಲ್ಲ ಅಲ್ವಾ?’ ಅಂದ ಭಾವ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಮಾಡುವುದು ಎಲ್ಲರ ಅಭ್ಯಾಸ. ಆ ನಡುವಿನ ಕ್ಷಣದಲ್ಲಿ ಮೀಟರನ್ನು ಯಾರು ನೋಡುತ್ತಾರೆ?

ಅದೇ ಕ್ಷಣದಲ್ಲಿ ಬಝರ್ ಕೂಗಬೇಕಿತ್ತು. ಕೂಗಲಿಲ್ಲ. ಪ್ಯಾನೆಲ್ ಹಿಂದೆ ಕೈ ಹಾಕಿದರೆ ಬಝರಿನ ವಯರ್ ಕಿತ್ತು, ಅಂದವಾಗಿ ಟೇಪ್ ಸುತ್ತಿಟ್ಟಿದ್ದಾರೆ. ಸ್ಟಾರ್ಟ್ ಆಗುವ ತನಕದ ಕಿರಿಕಿರಿ ಬೇಡ ಅಂತ ಇರಬೇಕು. ನನ್ನ ಪ್ರಕಾರ ಆ ಕಿರಿಕಿರಿಯೇ ದಿನಾ ಪುಕ್ಕಟೆ ಸಿಗುವ ಟೆಸ್ಟ್. ಕೂಗಿ, ಸ್ಟಾರ್ಟ್ ಆದ ಮೇಲೆ ಸುಮ್ಮನಾದರೆ ಆಯಿಲ್ ಸ್ವಿಚ್, ವಯರ್, ಬಝರ್ ಮೂರೂ ಸರಿ ಇವೆ.

ಜುಲೈ

ಟೆಂಪರೇಚರ್ ಕಡೆ ಹೀಗೆ ಪುಕ್ಕಟೆ ಟೆಸ್ಟ್ ಇಲ್ಲ. ಆ ಸ್ವಿಚ್ ತಣ್ಣಗಿರುವಾಗ ಬಿಟ್ಟಿರುತ್ತದೆ, ಬಿಸಿ ಮೀರಿದಾಗ ಮುಚ್ಚುತ್ತದೆ. ವಯರ್ ತುಂಡಾದರೂ ಪ್ಯಾನೆಲ್ ಶಾಂತ. ಸೆಂಡರಿನ ವಯರ್ ತುಂಡಾದರೆ ಇನ್ನೂ ಮೋಸ; ಮೀಟರ್ ‘ತಣ್ಣಗಿದೆ’ ಅನ್ನುತ್ತದೆ. ಬಝರಿನ ವಯರ್ ಜೋಡಿಸಿ, ಆಯಿಲ್ ಸ್ವಿಚ್‌ನ ವಯರ್ ಬಿಚ್ಚಿಟ್ಟು, ಕೀ ಹಾಕಿ ಟೆಂಪರೇಚರ್ ಸ್ವಿಚ್‌ನ ವಯರನ್ನು ಬ್ಲಾಕಿಗೆ ಮುಟ್ಟಿಸಿದೆ, ಬಝರ್ ಕೂಗಿತು. ವಯರ್ ಸರಿ ಇದೆ ಅಂತ ಇಷ್ಟರಿಂದ ಗೊತ್ತಾಯಿತು. ಸ್ವಿಚ್ ಸರಿ ಇದೆಯಾ?

ಟೆಂಪರೇಚರ್ ಸ್ವಿಚ್, ಸೆಂಡರ್ ಎರಡನ್ನೂ ಬಿಚ್ಚಿ ಅಕ್ಕನ ಅಡುಗೆಮನೆಗೆ ತಂದೆ. ಒಂದು ಹಳೇ ಪಾತ್ರೆ ಸಿಕ್ಕಿತು, ಬೈಗುಳವೂ ಸಿಕ್ಕಿತು. ತುಂಡುಗಳು ತಳಕ್ಕೆ ತಾಗದಂತೆ ತಂತಿಯಲ್ಲಿ ನೇತುಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಇಳಿಸಿ ನೀರು ಕಾಯಿಸಿದೆ. ಸೆಂಡರ್ 60 ಡಿಗ್ರಿಯಲ್ಲಿ 130 ಓಮ್ ಆಸುಪಾಸು, 90ರಲ್ಲಿ 50ರ ಹತ್ತಿರ, ಕುದಿಯುವಾಗ 40ಕ್ಕಿಂತ ಸ್ವಲ್ಪ ಕೆಳಗೆ. ಪ್ಯಾನೆಲ್ ಮೀಟರಿಗೆ ಸರಿಯಾದ ಜೋಡಿಯೇ. ಸ್ವಿಚ್ ಮೈಮೇಲೆ 95 ಅಂತ ಅಚ್ಚಾಗಿದೆ. ನೀರು ಕೊತಕೊತ ಕುದಿದರೂ ಅದು ಮುಚ್ಚಲೇ ಇಲ್ಲ. ಅಂದರೆ ಇಂಜಿನ್ ಕಾದರೂ ಈ ಬೋಟಿನಲ್ಲಿ ಯಾರೂ ಕೂಗುತ್ತಿರಲಿಲ್ಲ.

ಹೊಸ ಸ್ವಿಚ್, 10-180ರ ಆಯಿಲ್ ಸೆಂಡರ್ ಎರಡೂ ಬಂದು ಕೂತಿವೆ. ಸ್ವಿಚ್ ಹಾಕುವ ಮೊದಲು ಅದನ್ನೂ ಅದೇ ಪಾತ್ರೆಯಲ್ಲಿ ಕಾಯಿಸಿದೆ, ಮುಚ್ಚಿತು. ಹಾಕುವಾಗ ಎರಡು ವಿಷಯ ನೋಡಬೇಕು. ತಿರುಪಿನ ಎಳೆಯಲ್ಲಿ ಎರಡು ಪದ್ಧತಿ: ಅಮೆರಿಕದ 1/8 ಎನ್‌ಪಿಟಿಯಲ್ಲಿ ಇಂಚಿಗೆ 27 ಎಳೆ, ಬ್ರಿಟನ್ನಿನ 1/8 ಬಿಎಸ್‌ಪಿಯಲ್ಲಿ 28. ಒಂದರ ತೂತಿಗೆ ಇನ್ನೊಂದನ್ನು ಹಾಕಿದರೆ ಬೆರಳಲ್ಲಿ ಒಂದೆರಡು ಸುತ್ತು ಹೋಗಿ ಆಮೇಲೆ ಬಿಗಿಯುತ್ತದೆ. ಸ್ಪ್ಯಾನರ್ ಹಾಕಿ ಒತ್ತಿದರೆ ಬ್ಲಾಕಿನ ಎಳೆ ಹಾಳು. ಇನ್ನೊಂದು, ಒಂಟಿ ಟರ್ಮಿನಲ್‌ನ ತುಂಡಿಗೆ ಅರ್ತ್ ಸಿಗುವುದು ಎಳೆಯಿಂದಲೇ. ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದರೆ ಅರ್ತ್ ಕೆಡುತ್ತದೆ. ಕೂರಿಸಿದ ಮೇಲೆ ಅದರ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ಓಮ್ ನೋಡಿದೆ, ಸೊನ್ನೆಗೆ ಹತ್ತಿರ.

ಆಯಿಲ್ ಸ್ವಿಚ್‌ನ ವಯರ್ ವಾಪಸ್ ಹಾಕಿ, ಬಝರ್ ವಯರನ್ನು ಜೋಡಿಸಿಯೇ ಬಿಟ್ಟಿದ್ದೇನೆ. ‘ಇದು ದಿನಾ ಕೂಗ್ತದಾ ಮಾರ್ರೆ?’ ಅಂತ ತಂಡೇಲರು ಮುಖ ಸಿಂಡರಿಸಿದರು. ಹೌದು, ದಿನಾ.

ಬಾಕಿ ಇರುವುದು ಎರಡು. ಗೇರ್‌ಬಾಕ್ಸ್ ಮೇಲಿನದು ಆಯಿಲ್ ಪ್ರೆಶರ್ ಸ್ವಿಚ್ ಅಂತ ಗೊತ್ತಾಗಿದೆ. ಅಲ್ಲಿಯ ಪ್ರೆಶರ್ ಇಂಜಿನ್ನಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ಉಳಿದ ಹಳೇ ತುಂಡನ್ನು ಅಲ್ಲಿ ಹಾಕುವ ಮಾತೇ ಇಲ್ಲ. ಅದಕ್ಕೆ ಪ್ಯಾನೆಲಿನಲ್ಲಿ ಬೇರೆ ಲ್ಯಾಂಪ್ ಬೇಕು. ಇನ್ನೊಂದು, ಇಂಜಿನ್ ತಂಪಿಡುವ ಕೂಲಂಟ್ ನೀರಿನ ಹೆಡರ್ ಟ್ಯಾಂಕಿಗೆ ನೀರಿನ ಮಟ್ಟದ ಸ್ವಿಚ್. ಕೂಲಂಟ್ ಪೂರಾ ಸೋರಿ ಸೆಂಡರಿನ ತುದಿ ಗಾಳಿಯಲ್ಲಿ ನಿಂತರೆ ಟೆಂಪರೇಚರ್ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆಗಸ್ಟ್ 1ಕ್ಕೆ ಬೋಟ್ ಹೊರಡುವುದರೊಳಗೆ ಇದಾದರೂ ಆಗಬೇಕು. ಲ್ಯಾಂಪ್ ಆಮೇಲೆ ನೋಡೋಣ.