ನಾಲ್ಕು ಮಾತ್ರೆ ಸಾಕು

ಮಂಗಳೂರಿನ ಬಂದರು ಹತ್ತಿರ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್. ಜನರ ಕೈಯಲ್ಲಿ ದುಡ್ಡಿಲ್ಲ ಅಂತ ತಿಳಿಯಲು ನನಗೆ ಪೇಪರ್ ಬೇಡ. ದಿನಕ್ಕೆ ಎಷ್ಟು ಸಲ ಕತ್ತರಿ ಹಿಡಿದೆ ಅಂತ ನೋಡಿದರೆ ಸಾಕು.

ಬಿಪಿ, ಶುಗರ್ ಮಾತ್ರೆ ಇಡೀ ಸ್ಟ್ರಿಪ್ ಒಯ್ಯುತ್ತಿದ್ದವರು "ನಾಲ್ಕು ಕೊಡಿ ಅಣ್ಣ, ಈಗ ಸಾಕು" ಅನ್ನಲು ಶುರುಮಾಡುತ್ತಾರೆ. ಎಕ್ಸ್‌ಪೈರಿ ಡೇಟ್ ಇರುವ ತುದಿ ಅಂಗಡಿಯಲ್ಲೇ ಉಳಿಯಬೇಕು. ಹಾಗಾಗಿ ಅವರ ಪಾಲಿಗೆ ಹೆಸರಿಲ್ಲದ, ತಾರೀಖಿಲ್ಲದ ತುಂಡು. ಅಂಥ ಎರಡು ತುಂಡು ಒಂದೇ ಪರ್ಸಿಗೆ ಬಿದ್ದರೆ ಯಾವುದು ಯಾವ ಕಾಯಿಲೆಯದ್ದು ಅಂತ ಹೇಳುವುದು ನಮಗೂ ಕಷ್ಟ.

2020ರ ಲಾಕ್‌ಡೌನಲ್ಲಿ ಇದು ಎದ್ದು ಕಂಡಿತು. ಸಂಬಳದವರು ಮೂರು ತಿಂಗಳ ಮದ್ದು ಒಟ್ಟಿಗೇ ಕಟ್ಟಿಸಿಕೊಂಡರು, ಜೊತೆಗೆ ಬಿಪಿ ಮಿಷನ್. ಬೀಡಿ ಕಟ್ಟುವವರಿಗೆ ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆಯೂ ಇಲ್ಲ, ತಂಬಾಕೂ ಇಲ್ಲ. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ, ಕಟ್ಟದಿದ್ದರೆ ಸೊನ್ನೆ. ಮೀನು ಹಿಡಿಯುವ ಬೋಟಿನವರಿಗೆ ಪ್ರತಿ ವರ್ಷ ಜೂನ್, ಜುಲೈ ಮೀನುಗಾರಿಕೆ ನಿಷೇಧ, ಹೇಗೂ ರಜೆ. ಅದಕ್ಕಾಗಿ ಮೊದಲೇ ಸ್ವಲ್ಪ ತೆಗೆದಿಡುತ್ತಾರೆ. ಆ ವರ್ಷ ತೆಗೆದಿಡುವ ಹೊತ್ತಿಗೇ ಬೋಟುಗಳು ದಕ್ಕೆಯಲ್ಲಿ, ಅಂದರೆ ದಡದ ಕಟ್ಟೆಯಲ್ಲಿ, ನಿಂತವು. ಅತ್ತ ಇಲ್ಲಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು.

ಬೀಡಿ ಕೆಲಸ ಮತ್ತೆ ಶುರುವಾದ ಮೇಲೂ ಒಬ್ಬ ಅಕ್ಕ ಬಿಪಿ ಮಾತ್ರೆ ದಿನ ಬಿಟ್ಟು ದಿನ ನುಂಗುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಕೊಡ್ತಾರಲ್ವಾ ಅಂದೆ.

"ಹೋಗಿ ಬರ್ಲಿಕ್ಕೆ ಅರ್ಧ ದಿನ ಬೇಡ್ವಾ ಮಾರ್ರೆ? ಆ ಹೊತ್ತಿನ ಬೀಡಿ ಯಾರು ಕಟ್ಟುವುದು?"

ಅವರ ಲೆಕ್ಕ ಸರಿಯಾಗಿಯೇ ಇತ್ತು. ಬಸ್ ಚಾರ್ಜು ಬೇರೆ. ನನಗೆ ಸಿಟ್ಟು ಬರುವುದು ಇನ್ನೊಂದು ಲೆಕ್ಕದ ಮೇಲೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಒಳ್ಳೆಯದೇ. ಸ್ಟ್ರೋಕ್ ಆಗಿ ಅಡ್ಮಿಟ್ ಆದರೆ ಆ ಕಾರ್ಡ್ ನಡೆಯುತ್ತದೆ. ಸ್ಟ್ರೋಕ್ ತಡೆಯುವ ದಿನದ ಮಾತ್ರೆಗೆ ನನ್ನ ಕೌಂಟರಿನಲ್ಲಿ ನಡೆಯುವುದಿಲ್ಲ.

ಇನ್ನೊಂದು ಗಮನಿಸಿದ್ದೇನೆ. ಎಷ್ಟೇ ಕಷ್ಟ ಇದ್ದರೂ ಸೊಂಟನೋವಿನ ಮಾತ್ರೆ ಯಾರೂ ಬಿಡುವುದಿಲ್ಲ. ಬಿಪಿ ನೋಯುವುದಿಲ್ಲ, ಸೊಂಟ ನೋಯುತ್ತದೆ. ಬೋಟಿನ ಒಬ್ಬರಿಗೆ ಬಿಪಿದು ಮೊದಲು ತಗೊಳ್ಳಿ ಅಂದರೆ, "ನಾಳೆ ಬಲೆ ಎಳೆಯುವುದು ಸೊಂಟ ಅಲ್ವಾ" ಅಂದರು. ನೋವಿನ ಮಾತ್ರೆ ದಿನಾ ತಿಂದರೆ ಬಿಪಿ ಏರಬಹುದು, ಕಿಡ್ನಿಗೂ ಪೆಟ್ಟು. ಹೇಳುತ್ತೇನೆ. ಕೆಲವರು ಕೇಳುತ್ತಾರೆ.

2024ರಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಅಂತ ಯೋಜನೆ ಶುರುವಾಯಿತು. ಮನೆಗೇ ಬಂದು ಬಿಪಿ, ಶುಗರ್ ನೋಡಿ ಮದ್ದು ಕೊಡುವಂಥದ್ದು. ಬೀಡಿ ಕಟ್ಟುವವರ ಅಂಗಳಕ್ಕೆ ತಿಂಗಳು ತಪ್ಪದೆ ಅದು ಬಂದರೆ ನನ್ನ ವ್ಯಾಪಾರ ಸ್ವಲ್ಪ ಇಳಿದೀತು. ಇಳಿಯಲಿ ಬಿಡಿ.